ಹೊಸ ವರ್ಷಕ್ಕೆ ಮೂರೇ ಗುರಿ ಇಟ್ಟುಕೊಳ್ಳಬೇಕು. ಯಾವುದನ್ನು ಬಿಡಲಿ?

ಬ್ಯೂರೆಟ್ ಮೇಡಂ:

ಎಲ್ಲರಿಗೂ ನಮಸ್ಕಾರ. ನಾನು ಚಳ್ಳಕೆರೆ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಹದಿನಾಲ್ಕು ಜನ ಹೆಂಗಸರು ಸೇರಿ ಒಂದು ಪುಟ್ಟ ಸಂಘ ನಡೆಸುತ್ತಿದ್ದೇವೆ. ಹೈಸ್ಕೂಲ್ ಟೀಚರ್‌ಗಳಿದ್ದಾರೆ, ಕಾಲೇಜಿನವರಿದ್ದೇವೆ, ಕೃಷಿ ಇಲಾಖೆಯವರೊಬ್ಬರು, ಔಷಧಿ ಅಂಗಡಿಯವರೊಬ್ಬರು. ಎಂಎಸ್ಸಿ ಮುಗಿಸಿ ಮನೆಯಲ್ಲೇ ಇರುವವರು ಮೂರು ಜನ. ವಿಜ್ಞಾನ ಹಿಡಿದ ಹುಡುಗಿಯರು ಅರ್ಧದಾರಿಯಲ್ಲಿ ಬಿಡದ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ. ಹಾಗಂತ ಅಂದುಕೊಂಡಿದ್ದೇವೆ.

ಜನವರಿ ಮೊದಲ ಭಾನುವಾರ ಸಭೆ. ಹೊಸ ವರ್ಷದ ಗುರಿಗಳನ್ನು ಬರೆದುಕೊಂಡು ಬರುವ ಕೆಲಸ ನನ್ನ ತಲೆಗೆ ಬಿದ್ದಿದೆ. ಹೋದ ವರ್ಷದ ಪಟ್ಟಿ ತೆಗೆದು ನೋಡಿದೆ. ಹನ್ನೊಂದು ಗುರಿ! ಜಿಲ್ಲೆಯ ಎಲ್ಲ ಹೈಸ್ಕೂಲಿಗೂ ಹೋಗುವುದು, ವೆಬ್‌ಸೈಟ್, ಮಾಸಪತ್ರಿಕೆ, ವೈಜ್ಞಾನಿಕ ಮನೋಭಾವ ಬೆಳೆಸುವುದು (ಇದನ್ನು ಯಾವ ತಕ್ಕಡಿಯಲ್ಲಿ ತೂಗುತ್ತಾರೋ), ಹೀಗೇ. ಆಗಿದ್ದು ಒಂದೇ. ಫೆಬ್ರುವರಿ 11ರಂದು, ವಿಜ್ಞಾನದಲ್ಲಿ ಮಹಿಳೆಯರ ಅಂತರರಾಷ್ಟ್ರೀಯ ದಿನ ಅಂತ ಒಂದು ಸನ್ಮಾನ ಸಮಾರಂಭ.

ಅದರ ಕಥೆ ಕೇಳಿ. ಬ್ಯಾಂಕಿನಲ್ಲಿ ಇದ್ದಿದ್ದು 38 ಸಾವಿರ. ಶಾಮಿಯಾನ, ಶಾಲು, ಹಣ್ಣಿನ ಬುಟ್ಟಿ, ಫ್ಲೆಕ್ಸ್ ಅಂತ 14 ಸಾವಿರ ಹೋಯಿತು. ಮುಖ್ಯ ಅತಿಥಿಗಳು ಎರಡು ಗಂಟೆ ತಡ. ಅಷ್ಟು ಹೊತ್ತೂ ನಮ್ಮ ಬಿಎಸ್ಸಿ ಹುಡುಗಿಯರು ಸೀರೆ ಉಟ್ಟು, ಆರತಿ ತಟ್ಟೆ ಹಿಡಿದು ಗೇಟಿನ ಹತ್ತಿರ ನಿಂತಿದ್ದರು. ವಿಜ್ಞಾನದ ಹುಡುಗಿಯರಿಗೆ ನಾವು ಕೊಟ್ಟ ಕೆಲಸ ನೋಡಿ!

ಅವರಲ್ಲಿ ಒಬ್ಬಳು, ಮೊದಲ ವರ್ಷದವಳು, ನಿಂತು ನಿಂತು ಸಾಕಾಗಿ ನನ್ನ ಜೊತೆ ಮಾತಿಗೆ ಇಳಿದಳು. ಮಾತಿನ ನಡುವೆ ಪಿಯುಸಿ ಅಂಕ ಹೇಳಿದಳು. ನನಗೆ ಎದೆ ಧಸಕ್ ಅಂದಿತು. ಪಿಯುಸಿಯಲ್ಲಿ ತಮ್ಮ ಬೋರ್ಡಿನ ಮೇಲಿನ ಶೇ. 1ರೊಳಗೆ ಬಂದು, ಮೂಲವಿಜ್ಞಾನದ ಡಿಗ್ರಿ ಸೇರಿದವರಿಗೆ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಇದೆಯಲ್ಲ, ವರ್ಷಕ್ಕೆ 80 ಸಾವಿರದ್ದು? ಆ ಅಂಕಕ್ಕೆ ಇವಳು ಅರ್ಜಿ ಹಾಕಲೇಬೇಕಿತ್ತು. ಹಾಕಿರಲಿಲ್ಲ. ಹೆಸರೇ ಕೇಳಿರಲಿಲ್ಲ. ಅರ್ಜಿಯ ದಿನ ಮುಗಿದು ತಿಂಗಳುಗಳೇ ಆಗಿದ್ದವು. ಅವಳ ಅಪ್ಪನಿಗೆ ಎರಡು ಎಕರೆ ಶೇಂಗಾ ಹೊಲ. ಹದಿನಾಲ್ಕು ಜನ ಮೇಡಂಗಳ ಸಂಘ ಅವಳ ಕಾಲೇಜಿನಲ್ಲೇ ಇತ್ತು, ನಾನು ದಿನಾ ಅವಳ ಕ್ಲಾಸಿಗೆ ಹೋಗುತ್ತಿದ್ದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದಕ್ಕೇ ಈ ಸಲ ಮೂರು ಗುರಿ ಸಾಕು ಅಂತ ಹಟ ಹಿಡಿದಿದ್ದೇನೆ. ಯಾವ ಮೂರು? ದಯವಿಟ್ಟು 'ಅರಿವು ಮೂಡಿಸಿ' ಅಂತ ಮಾತ್ರ ಹೇಳಬೇಡಿ. ಇಂಥ ದಿನ, ಇಂಥವರು, ಇಷ್ಟು ಖರ್ಚು ಅಂತ ಬರೆಯಲು ಆಗುವಂಥದ್ದು ಬೇಕು.

ಹಳೇ ಹೆಡ್‌ಮಾಸ್ಟರ್:

ಮೇಡಂ, ಸನ್ಮಾನ ಬಿಡಿ, ಸಭೆ ಬಿಡಬೇಡಿ. ನಾನು 34 ವರ್ಷ ಹೋಬಳಿ ಶಾಲೆಗಳಲ್ಲಿ ಇದ್ದವನು. ಹುಡುಗಿ ಮುಂದೆ ಓದುವುದು ಅವಳ ಕೈಯಲ್ಲಿ ಇರುವುದಿಲ್ಲ, ಅಪ್ಪನ ಕೈಯಲ್ಲಿ ಇರುತ್ತದೆ. ಆ ಅಪ್ಪ ಶಾಲೆಗೆ ಬರುವುದು ಸಭೆ ಇದ್ದಾಗ ಮಾತ್ರ. ಊಟ ಇದ್ದರೆ ಖಂಡಿತ ಬರುತ್ತಾನೆ.

ಅಪ್ಪಂದಿರ ಮುಂದೆ ಮಹಾನ್ ವಿಜ್ಞಾನಿಗಳ ಕಥೆ ಹೇಳಿದರೆ ತೂಕಡಿಸುತ್ತಾರೆ. ನಾನು ಒಂದು ಸಲ ಸುಮ್ನೆ ಲೆಕ್ಕ ಹೇಳಿದೆ. ಎಂಎಸ್ಸಿ ಆದ ಮೇಲೆ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್, ಬಂದು ಪಿಎಚ್‌ಡಿ ಸೇರಿದರೆ, ಓದುವಾಗಲೇ ತಿಂಗಳಿಗೆ 37 ಸಾವಿರ ಕೊಡುತ್ತಾರೆ, 2023ರಿಂದ ಅಷ್ಟಾಗಿದೆ, ಅಂದೆ. ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. 'ಫೀಸು ನಾವು ಕಟ್ಟೋದಲ್ವಾ ಸಾ, ಅವರೇ ನಮ್ಗೆ ಕೊಡೋದಾ?' ಅಂತ. ಅವರಿಗೆ ಪಿಎಚ್‌ಡಿ ಅಂದರೆ ಇನ್ನೂ ಐದು ವರ್ಷದ ಫೀಸು ಅನ್ನುವ ಲೆಕ್ಕ ಇತ್ತು. ಮದುವೆ ಮುಂದಕ್ಕೆ ಹಾಕಲು ಅಪ್ಪನಿಗೂ ನೆಂಟರ ಮುಂದೆ ಹೇಳಲು ಒಂದು ಮಾತು ಬೇಕಲ್ಲ. 37 ಸಾವಿರ ಅಂಥ ಮಾತು.

ಕಥೆ ಹೇಳಲೇಬೇಕು ಅಂದರೆ ನಂಜನಗೂಡಿನ ರಾಜೇಶ್ವರಿ ಚಟರ್ಜಿ ಅವರದು ಹೇಳಿ. 1922ರಲ್ಲಿ ಹುಟ್ಟಿದವರು. ಸರ್ಕಾರದ ಸ್ಕಾಲರ್‌ಶಿಪ್ ಹಿಡಿದು ಅಮೆರಿಕದ ಮಿಷಿಗನ್‌ಗೆ ಹೋಗಿ, 1953ರಲ್ಲಿ ಡಾಕ್ಟರೇಟ್ ಜೊತೆ ವಾಪಸ್ ಬಂದು, ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯಲ್ಲಿ ಮೈಕ್ರೊವೇವ್, ಆಂಟೆನಾ ಪಾಠ ಮಾಡಿದರು. ನಮ್ಮ ಕಡೆಯ ಮಕ್ಕಳಿಗೆ ಮೇರಿ ಕ್ಯೂರಿ ಗೊತ್ತು, ಇವರು ಗೊತ್ತಿಲ್ಲ. ಆದರೆ ಕಥೆ ಐದು ನಿಮಿಷ ಸಾಕು. ಉಳಿದ ಹೊತ್ತು ದುಡ್ಡಿನ ಮಾತು ಆಡಿ.

ಸುಮ್ನೆ ಕೇಳ್ದೆ:

ತಪ್ಪು ತಿಳಿಯಬೇಡಿ ಮೇಡಂ. ಈಗ ಯಾವ ಬಿಎಸ್ಸಿ ಕ್ಲಾಸ್ ನೋಡಿದರೂ ಹುಡುಗಿಯರೇ ಜಾಸ್ತಿ, ರ‍್ಯಾಂಕೂ ಅವರದ್ದೇ. ಇನ್ನೂ ಯಾಕೆ ಬೇರೆ ಸಂಘ? ಹುಡುಗರಿಗೆ ಒಂದು ಮಾಡಿ.

ಬ್ಯೂರೆಟ್ ಮೇಡಂ:

ತಪ್ಪು ತಿಳಿಯಲಿಲ್ಲ ಸರ್. ಸ್ಟಾಫ್ ರೂಮಿನಲ್ಲೂ ದಿನಾ ಕೇಳುವ ಮಾತೇ ಇದು. ನನ್ನ ಕ್ಲಾಸಿನಲ್ಲೂ ಹುಡುಗಿಯರೇ ಜಾಸ್ತಿ, ನಿಜ. ಇಡೀ ದೇಶದ ಲೆಕ್ಕ ತೆಗೆದರೂ, 2020-21ರಲ್ಲಿ ವಿಜ್ಞಾನ, ತಂತ್ರಜ್ಞಾನ ಓದುತ್ತಿದ್ದವರಲ್ಲಿ ಹೆಣ್ಣುಮಕ್ಕಳು ಸುಮಾರು ಶೇ. 43. ಸಂಶೋಧನೆಯ ಕೆಲಸದಲ್ಲಿ ಇರುವವರನ್ನು ಎಣಿಸಿದರೆ, 2018ರ ಸರ್ಕಾರಿ ಲೆಕ್ಕದಲ್ಲಿ, ಸುಮಾರು ಶೇ. 17. ಎರಡು ಬೇರೆ ಬೇರೆ ಲೆಕ್ಕ, ಒಂದರ ಪಕ್ಕ ಒಂದಿಟ್ಟು ಕಳೆಯುವುದು ಸರಿಯಲ್ಲ, ಗೊತ್ತು. ಆದರೂ ನಡುವೆ ಎಲ್ಲೋ ಪೈಪು ಸೋರುತ್ತಿದೆ ಅನ್ನುವುದು ಕಾಣುತ್ತದಲ್ವಾ?

1933ರಲ್ಲಿ, ಮುಂದೆ ಜೀವರಸಾಯನ ವಿಜ್ಞಾನಿಯಾದ ಕಮಲಾ ಸೊಹೊನಿ ಅವರನ್ನು ಐಐಎಸ್‌ಸಿಗೆ ಸೇರಿಸಿಕೊಳ್ಳಲು ಆಗ ಅಲ್ಲಿನ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಮೊದಲು ಒಪ್ಪಲಿಲ್ಲ, ಹೆಂಗಸು ಅನ್ನುವ ಒಂದೇ ಕಾರಣಕ್ಕೆ. ಅವರು ಪಟ್ಟು ಹಿಡಿದ ಮೇಲೆ ಒಂದು ವರ್ಷ ಪರೀಕ್ಷೆಗಾಗಿ ಅಂತ ಸೇರಿಸಿಕೊಂಡರು. ಆಗ ಬಾಗಿಲಲ್ಲೇ ತಡೆಯುತ್ತಿದ್ದರು. ಈಗ ಬಾಗಿಲು ತೆಗೆದಿದೆ, ಒಳಗೆ ಬಂದವರು ಸದ್ದಿಲ್ಲದೆ ಹಿತ್ತಲ ಬಾಗಿಲಿನಿಂದ ಹೋಗುತ್ತಿದ್ದಾರೆ. 2001ರಲ್ಲಿ ನಾನೂ ಹಾಗೇ ಹೋದವಳು. ಮಗಳು ಹುಟ್ಟಿದಳು, ಪಿಎಚ್‌ಡಿ ನಿಂತಿತು. ಯಾರೂ ಹೋಗು ಅನ್ನಲಿಲ್ಲ. ಇರು ಅಂತಲೂ ಅನ್ನಲಿಲ್ಲ.

ಹುಡುಗರ ಸಂಘಕ್ಕೆ ನೀವು ಮುಂದೆ ನಿಲ್ಲಿ ಸರ್. ಶಾಮಿಯಾನದವರ ನಂಬರ್ ಕೊಡುತ್ತೇನೆ.

ಎಂಟು ವರ್ಷದ ಗ್ಯಾಪ್:

ಅಕ್ಕಾ, ನಿಮ್ಮ ಹನ್ನೊಂದು ಗುರಿ ಓದಿ ನನ್ನ ಮೊದಲ ಪ್ರಪೋಸಲ್ ನೆನಪಾಗಿ ನಗು ಬಂತು. ಎಂಟು ವರ್ಷ ಮನೆಯಲ್ಲಿದ್ದು ಆಮೇಲೆ ಲ್ಯಾಬಿಗೆ ಮರಳಿದವಳು ನಾನು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಡಿಎಸ್‌ಟಿಯಲ್ಲಿ ಮಹಿಳಾ ವಿಜ್ಞಾನಿ ಯೋಜನೆ ಇತ್ತಲ್ಲ, ಓದು ಬಿಟ್ಟು ಗ್ಯಾಪ್ ಆದವರಿಗೆ? ಈಗ ಇಂಥವೆಲ್ಲ ವೈಸ್-ಕಿರಣ್ ಅನ್ನುವ ಹೆಸರಿನ ಕೆಳಗೆ ಬರುತ್ತವೆ. ಅದಕ್ಕೆ ಅರ್ಜಿ ಹಾಕಿದ್ದೆ. ಮೂರು ವರ್ಷದ ಕೆಲಸಕ್ಕೆ ಆರು ಉದ್ದೇಶ ಬರೆದಿದ್ದೆ. ಒಂದೊಂದೂ ಒಂದೊಂದು ಪಿಎಚ್‌ಡಿಗೆ ಆಗುವಷ್ಟು. ವಾಪಸ್ ಬಂತು.

ಎರಡನೇ ಸಲ ಹಳೇ ಸಹಪಾಠಿಯೊಬ್ಬಳು ಫೋನಿನಲ್ಲಿ ಕೂತು ಸಾಲು ಸಾಲಾಗಿ ಓದಿಸಿದಳು. 'ಇದನ್ನು ಯಾವ ಮೆಷಿನ್ ಮೇಲೆ ಮಾಡ್ತೀಯ? ಆ ಮೆಷಿನ್ ಅವರ ಹತ್ರ ಇದೆಯಾ? ಕೇಳಿದೀಯಾ?' ಅಂತ. ಕೇಳಿರಲಿಲ್ಲ. ಆರು ಉದ್ದೇಶ ಎರಡಾಯಿತು. ಆ ಸಲ ಸಿಕ್ಕಿತು.

ಯೋಜನೆಗಳು ಇವೆ ಅಕ್ಕಾ. ಬರೆದಿದ್ದನ್ನು ಓದಿ 'ಇದು ಆಗಲ್ಲ' ಅನ್ನುವವರು ಮನೆಯಲ್ಲಿ ಕೂತವಳಿಗೆ ಸಿಗುವುದಿಲ್ಲ. ನಿಮ್ಮ ಸಂಘದಲ್ಲೇ ಎಂಎಸ್ಸಿ ಮುಗಿಸಿ ಮನೆಯಲ್ಲಿ ಇರುವವರು ಮೂರು ಜನ ಇದ್ದಾರೆ ಅಂದಿರಿ. ಅವರಲ್ಲಿ ಒಬ್ಬರು, ಒಬ್ಬರೇ, ಈ ವರ್ಷ ಒಂದು ಅರ್ಜಿ ಹಾಕಲಿ. ನಾನು ಓದಿ ಕೊಡುತ್ತೇನೆ.

ಇನ್ನೊಂದು ಮಾತು. ಓದಲು ಸಂಶೋಧನಾ ಪೇಪರ್ ಸಿಗುವುದಿಲ್ಲ ಅಂತ ನಾನು ಎಷ್ಟು ಒದ್ದಾಡಿದ್ದೆ. 2025ರ ಜನವರಿಯಿಂದ ಒಂದು ದೇಶ ಒಂದು ಚಂದಾ ಅಂತ ಬಂದಿದೆ. ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಸುಮಾರು 13 ಸಾವಿರ ಜರ್ನಲ್‌ಗಳು ಸಿಗುತ್ತವೆ. ನಿಮ್ಮ ಕಾಲೇಜು ನೋಂದಾಯಿಸಿಕೊಂಡಿದೆಯಾ ಅಂತ ಲೈಬ್ರೇರಿಯನ್ ಅವರನ್ನು ಕೇಳಿ ನೋಡಿ. ಎಷ್ಟೋ ಕಡೆ ಇದು ಬಂದಿದ್ದೇ ಗೊತ್ತಿರುವುದಿಲ್ಲ.

ಮತ್ತೆ, ಪಿಎಚ್‌ಡಿ ನಡುವೆ ಬಸುರಿಯಾದರೆ ಒಟ್ಟು 240 ದಿನದವರೆಗೆ ರಜೆ ತೆಗೆದುಕೊಳ್ಳಬಹುದು ಅಂತ ಯುಜಿಸಿ ನಿಯಮದಲ್ಲೇ ಇದೆ. ನಿಮ್ಮ ಕಾಲದಲ್ಲಿ ಇರಲಿಲ್ಲವೇನೋ. ಈಗ ಇದ್ದರೂ 'ಅಂಥದ್ದೆಲ್ಲ ಇಲ್ಲಮ್ಮ' ಅನ್ನುವ ಗೈಡ್‌ಗಳಿದ್ದಾರೆ, ನನ್ನ ಜೊತೆಯವಳೊಬ್ಬಳಿಗೆ ಹಾಗೇ ಹೇಳಿದರು. ನಿಯಮದ ಪುಟ ಪ್ರಿಂಟ್ ತೆಗೆದು ಟೇಬಲ್ ಮೇಲೆ ಇಟ್ಟಳು. ರಜೆ ಸಿಕ್ಕಿತು, ಮಾತು ನಿಂತಿತು. ಮಾತು ನಿಂತಿದ್ದು ನಷ್ಟವಲ್ಲ ಅಂತ ಅವಳ ಅಭಿಪ್ರಾಯ.

ಲ್ಯಾಬ್ ಅಟೆಂಡರ್:

ಮೇಡಂ, ನಾನು ಇಂಥ ವಿಷಯದಲ್ಲಿ ಮಾತಾಡುವಷ್ಟು ಓದಿದವನಲ್ಲ. ಬೇರೆ ಜಿಲ್ಲೆಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬ್ ಅಟೆಂಡರ್. ನಿಮ್ಮ ಹೆಸರು ನೋಡಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಮಧ್ಯಾಹ್ನದ ಬ್ಯಾಚ್ ಪ್ರಾಕ್ಟಿಕಲ್ ಐದು ಗಂಟೆಗೆ ಮುಗಿಯಬೇಕು. ನಾಲ್ಕೂಮುಕ್ಕಾಲಿಗೆ ಹಳ್ಳಿ ಹುಡುಗಿಯರು ಟೈಟ್ರೇಷನ್ (ಹನಿ ಹನಿಯಾಗಿ ದ್ರಾವಣ ಬಿಟ್ಟು ಅಳೆಯುವ ಪ್ರಯೋಗ) ಅರ್ಧಕ್ಕೆ ಬಿಟ್ಟು ಓಡುತ್ತಾರೆ. ಬ್ಯೂರೆಟ್‌ನಲ್ಲಿ, ಅಂದರೆ ಕೆಳಗೆ ನಲ್ಲಿ ಇರುವ ಅಳತೆಯ ಗಾಜಿನ ಕೊಳವೆಯಲ್ಲಿ, ಸೋಡಿಯಂ ಹೈಡ್ರಾಕ್ಸೈಡ್ ಹಾಗೇ. ಬೆಳಿಗ್ಗೆ ನೋಡಿದರೆ ಗಾಜಿನ ನಲ್ಲಿ ಕಚ್ಚಿಕೊಂಡಿರುತ್ತದೆ. ಹೋದ ವರ್ಷ ನಾಲ್ಕು ಬ್ಯೂರೆಟ್ ಹೋದವು. ಮೊದಮೊದಲು ನಾನೂ ಬೈಯುತ್ತಿದ್ದೆ. ಆಮೇಲೆ ಒಂದು ದಿನ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತು ನೋಡಿದೆ. ಅವರ ಊರಿನ ಬಸ್ ಐದಕ್ಕೆ. ಅದು ಹೋದರೆ ಏಳೂವರೆಗೆ. ಏಳೂವರೆ ಬಸ್ಸಿನಲ್ಲಿ ಹೋದರೆ ಮನೆಯಲ್ಲಿ ಮಾರನೇ ದಿನ ಕಳಿಸಲ್ಲ.

2023ರಿಂದ ಶಕ್ತಿ ಯೋಜನೆ ಬಂದು ಟಿಕೆಟ್ ದುಡ್ಡು ಉಳಿಯಿತು, ಒಳ್ಳೆಯದೇ ಆಯಿತು. ದೂರದ ಊರಿನವರೂ ಕಾಲೇಜಿಗೆ ಬರುತ್ತಿದ್ದಾರೆ. ಆದರೆ ಬಸ್ಸಿನ ಟೈಮು ಹಾಗೇ ಇದೆ. ಹುಡುಗರು ಬೈಕಿನಲ್ಲಿ ಮೂರು ಮೂರು ಜನ ಕೂತು ಹೋಗುತ್ತಾರೆ, ಅವರ ಟೈಟ್ರೇಷನ್ ಮುಗಿಯುತ್ತದೆ. ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕರು) ಬಂದಾಗ ಯಾರ ಕೈ ನಡುಗುತ್ತದೆ ಅಂತ ನಾನು ಬರೆಯಬೇಕಿಲ್ಲ.

ಇದು ನಿಮ್ಮ ಗುರಿಗೆ ಬರುತ್ತದೋ ಇಲ್ಲವೋ ಗೊತ್ತಿಲ್ಲ.

ಬ್ಯೂರೆಟ್ ಮೇಡಂ:

ಅಟೆಂಡರ್ ಅಣ್ಣಾ, ಓದಿಲ್ಲ ಅಂತ ಮಾತ್ರ ಹೇಳಬೇಡಿ. ಇಪ್ಪತ್ತು ವರ್ಷದಿಂದ ನಾನು ಆ ಹುಡುಗಿಯರ ಇಂಟರ್ನಲ್ಸ್ ಶೀಟಿನಲ್ಲಿ 'ಎಂಡ್ ಪಾಯಿಂಟ್ ಅಂದಾಜು' (ಬಣ್ಣ ಬದಲಾಗುವ ಹನಿ ನೋಡದೆ ಊಹಿಸಿದ್ದಾರೆ) ಅಂತ ಬರೆದು ಅಂಕ ಕಡಿಮೆ ಮಾಡುತ್ತಿದ್ದೇನೆ. ನಿನ್ನೆ ನಿಮ್ಮದು ಓದಿದ ಮೇಲೆ ಹಾಜರಿ ಪುಸ್ತಕ ತೆಗೆದು ಊರಿನ ಹೆಸರುಗಳನ್ನು ನೋಡಿದೆ. ಕಡಿಮೆ ಅಂಕದವರು ಹೆಚ್ಚಾಗಿ ಒಂದೇ ರಸ್ತೆಯವರು. ಐದು ಗಂಟೆಯ ಒಂದೇ ಬಸ್ಸಿನವರು.

ನಿನ್ನೆ ರಾತ್ರಿ ಸಂಘದ ನಾಲ್ಕು ಜನ ಫೋನಿನಲ್ಲಿ ಸೇರಿ ಒಂದು ಮಟ್ಟಕ್ಕೆ ಬಂದಿದ್ದೇವೆ.

ಹೆಡ್‌ಮಾಸ್ಟರ್ ಸರ್, ಸಭೆ ಇರುತ್ತದೆ. ಆದರೆ ಫೆಬ್ರುವರಿಯಿಂದ ಎತ್ತಿ ಸೆಪ್ಟೆಂಬರ್‌ಗೆ ಹಾಕುತ್ತಿದ್ದೇವೆ. ಫೆಬ್ರುವರಿಯಲ್ಲಿ ಸ್ಕಾಲರ್‌ಶಿಪ್ ಬಗ್ಗೆ ಭಾಷಣ ಮಾಡುವುದು ಅಂದರೆ ಬಸ್ ಹೋದ ಮೇಲೆ ಟಿಕೆಟ್ ಕೊಟ್ಟ ಹಾಗೆ. ಎಂಎಸ್ಸಿಗೆ ಒಳ್ಳೆಯ ಕಡೆ ಸೇರಲು ಬರೆಯುವ ಜ್ಯಾಮ್ ಪರೀಕ್ಷೆಯ ಅರ್ಜಿ ಆ ಹೊತ್ತಿಗೆ ಶುರುವಾಗುತ್ತದೆ. ಮೂರು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ನವೆಂಬರ್ ಹೊತ್ತಿಗೆ ಅರ್ಜಿ. ಇನ್‌ಸ್ಪೈರ್ ಕೂಡ ವರ್ಷದ ಕೊನೆಯ ತಿಂಗಳುಗಳಲ್ಲೇ. ಸೆಪ್ಟೆಂಬರ್‌ನಲ್ಲಿ ಅಪ್ಪಂದಿರಿಗೆ ಊಟ, ನಿಮ್ಮ 37 ಸಾವಿರದ ಲೆಕ್ಕ. ಆಮೇಲೆ ನವೆಂಬರ್ ಮುಗಿಯುವವರೆಗೂ ಪ್ರತಿ ಭಾನುವಾರ ಕಂಪ್ಯೂಟರ್ ಲ್ಯಾಬ್ ತೆಗೆಸಿ, ಪಕ್ಕದಲ್ಲಿ ಕೂತು ಅರ್ಜಿ ತುಂಬಿಸುವುದು. ಬಿಎಸ್ಸಿ ಮೊದಲ ವರ್ಷ ಸೇರಿದವರ ಪಿಯುಸಿ ಅಂಕದ ಪಟ್ಟಿ ಜುಲೈನಲ್ಲೇ ನಾನು ತೆಗೆದಿಟ್ಟುಕೊಳ್ಳುತ್ತೇನೆ. ಇದು ನನ್ನ ಹೆಸರಿನಲ್ಲಿ ಇರಲಿ ಅಂತ ಕೇಳಿ ಹಾಕಿಸಿಕೊಂಡಿದ್ದೇನೆ.

ಗ್ಯಾಪ್ ತಂಗೀ, ಒಬ್ಬರು ಒಪ್ಪಿದ್ದಾರೆ. ಬಾಟನಿ ಎಂಎಸ್ಸಿ, ಆರು ವರ್ಷದಿಂದ ಮನೆ. ಒಪ್ಪಿದ ಮರುಕ್ಷಣ 'ಆದ್ರೆ ಮಾರ್ಚ್‌ನಲ್ಲಿ ಮಗನ ಪರೀಕ್ಷೆ ಇದೆ' ಅಂದರು. ಏಪ್ರಿಲ್‌ನಿಂದ ನಿಮಗೆ ಫೋನ್ ಬರುತ್ತದೆ, ಬಿಡಬೇಡಿ. ಲೈಬ್ರೇರಿಯನ್ ಅವರನ್ನು ಸೋಮವಾರ ಕೇಳುತ್ತೇನೆ. 240 ದಿನದ ಪುಟ ಪ್ರಿಂಟ್ ತೆಗೆದು ಸ್ಟಾಫ್ ರೂಮಿನ ಬೋರ್ಡಿಗೆ ಇವತ್ತೇ ಅಂಟಿಸಿದೆ. ಯಾರೂ ಬಸುರಿ ಇಲ್ಲವಲ್ಲ ಮೇಡಂ ಅಂತ ಒಬ್ಬರು ತಮಾಷೆ ಮಾಡಿದರು. ಇರಲಿ, ಅಂಟಿಕೊಂಡಿರಲಿ.

ಮೂರನೆಯದು ಬಸ್. ಐದರ ಬಸ್ ಐದೂಕಾಲಿಗೆ ಹೊರಡಬೇಕು, ಅಷ್ಟೇ. ಸಂಘದಲ್ಲಿ ಒಬ್ಬರು 'ಇದು ವಿಜ್ಞಾನದ ಗುರಿ ಹೇಗಾಗುತ್ತದೆ?' ಅಂದರು. ಕಚ್ಚಿಕೊಂಡ ಬ್ಯೂರೆಟ್ ತಂದು ಸಭೆಯ ಟೇಬಲ್ ಮೇಲೆ ಇಡುತ್ತೇನೆ ಅಂದಿದ್ದೇನೆ. ನಮ್ಮ ಲ್ಯಾಬಿನಲ್ಲೂ ಎರಡು ಇವೆ.

ಶಾಲಿನ ವಿಷಯ ಇನ್ನೂ ಮುಗಿದಿಲ್ಲ. ಖಜಾಂಚಿ ಮೇಡಂಗೆ ಬೇಸರವಾಗಿದೆ, ಒಂದಾದರೂ ಇರಲಿ ಅನ್ನುತ್ತಾರೆ. ಡಿಪೊ ಮ್ಯಾನೇಜರ್ ಬಸ್ ಹದಿನೈದು ನಿಮಿಷ ಮುಂದಕ್ಕೆ ಹಾಕಿದರೆ ಆ ಒಂದು ಶಾಲು ಅವರಿಗೇ ಹೊದಿಸೋಣ ಅಂದೆ. ಅದಕ್ಕೆ ಒಪ್ಪಿದರು.

ಈಗ ಹೇಳಿ, ಡಿಪೊಗೆ ಅರ್ಜಿ ಬರೆಯುವಾಗ ಕಾಲೇಜಿನ ಲೆಟರ್‌ಹೆಡ್ ಬೇಕಾ, ಇಲ್ಲ ಹುಡುಗಿಯರ ಸಹಿ, ಊರಿನ ಹೆಸರು ಸಾಕಾ? ಯಾರಾದರೂ ಬಸ್ ಟೈಮ್ ಬದಲಾಯಿಸಿಕೊಂಡವರಿದ್ದರೆ ನಿಮ್ಮ ಅರ್ಜಿಯ ಪ್ರತಿ ಹಾಕಿ.