ಸ್ಟಾರ್-ಡೆಲ್ಟಾ ಪ್ಯಾನೆಲ್ ಬಿಒಎಂ (ಸಾಮಾನು ಪಟ್ಟಿ): ಶೀಟ್ ಸ್ಟಾಕ್ ಯಾಕೆ ತಾಳೆ ಆಗ್ತಿಲ್ಲ?

ಪ್ಯಾನೆಲ್_ಪೀಣ್ಯ
7.5 ಎಚ್‌ಪಿ ಸ್ಟಾರ್-ಡೆಲ್ಟಾ ಸ್ಟಾರ್ಟರ್ (ಮೋಟಾರ್ ಶುರು ಮಾಡುವ) ಪ್ಯಾನೆಲ್. ಬಾಕ್ಸ್ ನಮ್ಮಲ್ಲೇ ಮಾಡೋದು: 600×400×200 ಮಿಮೀ, 1.6 ಮಿಮೀ ಸಿಆರ್‌ಸಿಎ (ಉಕ್ಕಿನ ತಗಡು). ಪೌಡರ್ ಕೋಟಿಂಗ್ ಹೊರಗಡೆ. ಸ್ಟಾಕ್ ಲೆಕ್ಕದ ಸಾಫ್ಟ್‌ವೇರ್ ಇಆರ್‌ಪಿನೆಕ್ಸ್ಟ್‌ನಲ್ಲಿ ಒಂದೇ ಹಂತದ ಬಿಒಎಂ, 58 ಸಾಲು. ಡಿಸೈನ್‌ನವರು ಹೇಳಿದಂತೆ ಶೀಟ್ 12 ಕೆಜಿ, ಅದರ ಮೇಲೆ 5% ಸ್ಕ್ರ್ಯಾಪ್ ಹಾಕಿದ್ದೀವಿ. ಆದರೂ ತಿಂಗಳ ಕೊನೆಗೆ ಎಣಿಸಿದರೆ ಶೀಟೂ ಕಡಿಮೆ, ವೈರೂ ಕಡಿಮೆ. ಇನ್ನೊಂದು: ಒಂದು ಮೇಕ್ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಹಾಯಿಸುವ ಸ್ವಿಚ್) ಸಿಗದಾಗ ಬೇರೆ ಮೇಕ್ ಹಾಕ್ತೀವಿ. ಆಲ್ಟರ್ನೇಟಿವ್ ಐಟಂ (ಸಾಲಿಗೊಂದು ಬದಲಿ) ಸಾಕಾ, ಬೇರೆ ಬಿಒಎಂ ಬೇಕಾ?

ತಗಡು_ಲೆಕ್ಕ
12 ಕೆಜಿ ಅಂದ್ರೆ ಮುಗಿದ ಬಾಕ್ಸಿನ ತೂಕ. ಸ್ಟೋರ್‌ನಿಂದ ಹೋಗೋದು ಅಷ್ಟಲ್ಲ.

2500×1250 ಶೀಟ್, 1.6 ಮಿಮೀ: 3.125 ಚದರ ಮೀಟರ್ × 12.56 (ಚದರ ಮೀಟರಿಗೆ ಕೆಜಿ) = 39.25 ಕೆಜಿ. 25 ಮಿಮೀ ಫ್ಲ್ಯಾಂಜ್ (ಮಡಚಿದ ಅಂಚು) ಇದ್ದರೆ ಬೆಂಡ್ ಡಿಡಕ್ಷನ್ (ಮಡಿಕೆಗೆ ಕಳೆಯುವ ಅಳತೆ) ಕಳೆದು ಬಾಡಿ ಬ್ಲ್ಯಾಂಕ್ (ಮಡಚುವ ಮುಂಚಿನ ತುಂಡು) ಸುಮಾರು 1040×840. ಒಂದು ಶೀಟಿಗೆ ಎರಡೇ ಕೂರೋದು. ಉಳಿದ 820×1250 ತುಂಡಿನಲ್ಲಿ 640×440ರ ಬಾಗಿಲು ಎರಡು. ಅಂದ್ರೆ ಶೀಟಿಗೆ ಎರಡು ಬಾಕ್ಸ್, ಬಾಕ್ಸಿಗೆ 19.6 ಕೆಜಿ. ನಾಲ್ಕು ಮೂಲೆ ಕಟ್ಟೇ 2.5 ಕೆಜಿ ತಿನ್ನುತ್ತೆ. 7.6 ಕೆಜಿ ವ್ಯತ್ಯಾಸ 5% ಸ್ಕ್ರ್ಯಾಪ್‌ನಲ್ಲಿ ಎಲ್ಲಿ ಮುಚ್ಚುತ್ತೆ?

ಬಾಕ್ಸಿಗೆ ಬೇರೆ ಬಿಒಎಂ ಮಾಡಿ ಅದರಲ್ಲಿ 19.6 ಹಾಕಿ, 7.6 ಕೆಜಿಯನ್ನು ಸ್ಕ್ರ್ಯಾಪ್ ಟೇಬಲ್‌ನಲ್ಲಿ ಗುಜರಿ ದರದ ಐಟಂ ಆಗಿ ತೋರಿಸಿ. ಪರ್ಸೆಂಟ್ ತೆಗೆದುಬಿಡಿ.

ಮೂರನೇ ಬಾಡಿ ಬರೀ 20 ಮಿಮೀಗೆ ತಪ್ಪುತ್ತಿದೆ (840×3 = 2520), ಹೊಟ್ಟೆ ಉರಿಯುತ್ತೆ! ಫ್ಲ್ಯಾಂಜ್ 17ಕ್ಕೆ ಇಳಿಸಿದರೆ ಕೂರುತ್ತೆ. ಆಗ ಬಾಗಿಲಿಗೆ ಬೇರೆ ಶೀಟ್, ಅದರಲ್ಲಿ 8 ಬರುತ್ತೆ. ಒಟ್ಟು ಬಾಕ್ಸಿಗೆ 18 ಕೆಜಿ. ಗ್ಯಾಸ್ಕೆಟ್‌ಗೆ ಜಾಗ ಸಾಕಾ ಅಂತ ಮೊದಲು ನೋಡಿಕೊಳ್ಳಿ.

ವೈರ್: ಸ್ಟಾಕ್ ಯೂನಿಟ್ ಮೀಟರ್ ಇರಲಿ, ಪರ್ಚೇಸ್ ಯೂನಿಟ್ ಕಾಯಿಲ್, ಪರಿವರ್ತನೆ 90. ಬಿಒಎಂನಲ್ಲಿ 0.2 ಕಾಯಿಲ್ ಅಂತ ಬರೆಯಬೇಡಿ. ಉದ್ದವನ್ನು ಡ್ರಾಯಿಂಗ್‌ನಿಂದ ಎತ್ತದೆ, ಮೂರು ಪ್ಯಾನೆಲ್ ಕಟ್ಟುವಾಗ ಕಾಯಿಲ್ ಅಳೆದು ಸರಾಸರಿ ಹಾಕಿ. ಡಕ್ಟ್‌ನೊಳಗಿನ ತಿರುವು, ಬಾಗಿಲಿಗೆ ಬಿಡುವ ಲೂಪ್ ಡ್ರಾಯಿಂಗ್‌ನಲ್ಲಿ ಕಾಣಲ್ಲ.

ಬ್ಯಾಕ್‌ಫ್ಲಶ್ (ಮಾಲಿನ ಖರ್ಚನ್ನು ಸಿಸ್ಟಂ ತಾನೇ ಹಾಕೋದು) ಬಿಒಎಂ ಆಧಾರದ ಮೇಲಿದ್ದರೆ ಅದನ್ನೂ ಬದಲಿಸಿ, ಟ್ರಾನ್ಸ್‌ಫರ್ ಮಾಡಿದ ಮಾಲಿನ ಮೇಲೆ ಇಡಿ. ಇಲ್ಲದಿದ್ದರೆ ಸ್ಟೋರ್ ಎಷ್ಟು ಕೊಟ್ಟರೂ ಸಿಸ್ಟಂ ಬಿಒಎಂನಲ್ಲಿ ಇದ್ದಷ್ಟನ್ನೇ ಖರ್ಚು ಹಾಕುತ್ತೆ.

ರಿಲೇ_ಟ್ರಿಪ್
ಆಲ್ಟರ್ನೇಟಿವ್ ಐಟಂ ಇಲ್ಲಿ ಕೈ ಕೊಡುತ್ತೆ. ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸೋದು) ನೇರ ಕಾಂಟ್ಯಾಕ್ಟರ್‌ಗೇ ಸಿಕ್ಕಿಸೋದು. ಮೇಕ್ ಬೇರೆಯಾದರೆ ಕೂರಲ್ಲ. ಸಾಲು ಸಾಲಿಗೆ ಆಲ್ಟರ್ನೇಟಿವ್ ಕೊಟ್ಟರೆ ಸ್ಟೋರ್‌ನವರು ಒಂದು ಮೇಕ್ ಕಾಂಟ್ಯಾಕ್ಟರ್, ಇನ್ನೊಂದು ಮೇಕ್ ರಿಲೇ ಕೊಟ್ಟು ಕೂರ್ತಾರೆ. ಮೂರು ಕಾಂಟ್ಯಾಕ್ಟರ್, ರಿಲೇ, ಟೈಮರ್ ಸೇರಿಸಿ ‘ಪವರ್ ಸೆಟ್’ ಅಂತ ಸಬ್-ಅಸೆಂಬ್ಲಿ ಮಾಡಿ, ಮೇಕ್‌ಗೆ ಒಂದೊಂದು ಕೋಡ್. ಪ್ಯಾನೆಲ್‌ಗೆ ಎರಡು ಬಿಒಎಂ. ವರ್ಕ್ ಆರ್ಡರ್ (ತಯಾರಿಕೆ ಆದೇಶ) ಹಾಕುವಾಗ ಆರಿಸಿ.

ಪವರ್ ಸೆಟ್ ಸ್ಟಾಕ್‌ನಲ್ಲಿ ಇಡೋದಿಲ್ಲವಾದ್ದರಿಂದ ಮಲ್ಟಿ-ಲೆವೆಲ್ ಟಿಕ್ (ಒಳಗಿನ ಬಿಒಎಂಗಳನ್ನೂ ಬಿಡಿಸುವ ಆಯ್ಕೆ) ಬೇಕು. ಆದರೆ ಆ ಟಿಕ್ ಬಾಕ್ಸನ್ನೂ ಒಡೆದು ಮತ್ತೆ ಶೀಟ್ ಕೇಳುತ್ತೆ. ಬಾಕ್ಸ್ ಸಾಲಿಗೆ ‘ಡು ನಾಟ್ ಎಕ್ಸ್‌ಪ್ಲೋಡ್’ ಹಾಕಿ.

ರಿಲೇ ರೇಂಜೂ ನೋಡಿ. ಲೈನ್ ಕರೆಂಟ್ ಸುಮಾರು 11 ಆಂಪ್. ರಿಲೇ ವೈಂಡಿಂಗ್ ಕಡೆ ಇದ್ದರೆ ಅದರ 0.58 ಪಾಲು, 6.4 ಆಂಪ್. 9–14 ರೇಂಜಿನದು ಬಿಒಎಂಗೆ ಹೊಕ್ಕಿದ್ದರೆ ಓವರ್‌ಲೋಡ್‌ನಲ್ಲಿ ಮೋಟಾರ್ ಸುಟ್ಟರೂ ಅದು ಟ್ರಿಪ್ ಆಗದೇ ಇರಬಹುದು.

ಪ್ಯಾನೆಲ್_ಪೀಣ್ಯ
ಕೋಟಿಂಗ್ ಆದ ಬಾಕ್ಸಿಗೆ ಬೇರೆ ಕೋಡ್ ಬೇಕಾ? ಈಗಿನ ಬಿಒಎಂ ಸಬ್ಮಿಟ್ ಆಗಿದೆ, ತಿದ್ದೋಕೆ ಬಿಡ್ತಿಲ್ಲ.

ತಗಡು_ಲೆಕ್ಕ
ಬೇಕು. ಕಚ್ಚಾ ಬಾಕ್ಸ್ ಚಲನ್ ಮೇಲೆ ಹೊರಗೆ ಹೋಗುತ್ತೆ, ಜಿಎಸ್‌ಟಿ ಪ್ರಕಾರ 1 ವರ್ಷದೊಳಗೆ ವಾಪಸ್ ಬರಬೇಕು. ಒಂದೇ ಕೋಡ್ ಇದ್ದರೆ ಎಷ್ಟು ಅಲ್ಲಿದೆ, ಎಷ್ಟು ಬಂತು ಗೊತ್ತಾಗಲ್ಲ.

ಸಬ್ಮಿಟ್ ಆದದ್ದನ್ನು ತಿದ್ದೋಕಾಗಲ್ಲ, ಹೊಸ ವರ್ಶನ್ ಮಾಡಿ. ಬಾಕ್ಸ್ ಬಿಒಎಂ ಮುಂದೆ ಹೀಗೆ ಬದಲಾದಾಗ ಮೇಲಿನ ಪ್ಯಾನೆಲ್‌ಗಳು ಹಳೇದನ್ನೇ ಹಿಡಿದುಕೊಂಡಿರುತ್ತವೆ. ಬಿಒಎಂ ಅಪ್‌ಡೇಟ್ ಟೂಲ್‌ನಲ್ಲಿ ರೀಪ್ಲೇಸ್ ಕೊಡಿ. ಈಗಾಗಲೇ ತೆರೆದಿರುವ ವರ್ಕ್ ಆರ್ಡರ್ ಹಳೇ ಲೆಕ್ಕದಲ್ಲೇ ಹೋಗುತ್ತೆ, ಅವನ್ನು ಮುಗಿಸಿ ಆಮೇಲೆ ಎಣಿಸಿ.