ಹಾಸನದಿಂದ ಮಂಗಳೂರಿಗೆ ಎರಡು ದಿನ: ಯಾವ ಘಟ್ಟ, ಯಾವ ಬೀಚು?

ಹೇಮಾವತಿ ತೀರ:
ಡಿಸೆಂಬರ್ ಕೊನೆ ವಾರ ಹಾಸನದಿಂದ ಸ್ವಂತ ಕಾರಲ್ಲಿ ಮಂಗಳೂರಿಗೆ ಹೊರಟಿದ್ದೇವೆ, ಒಂದು ರಾತ್ರಿ ಉಳಿಯೋದು. ಅಪ್ಪ-ಅಮ್ಮನಿಗೆ ಮಂಡಿನೋವು. ಮಕ್ಕಳಿಗೆ ಐದು ಮತ್ತು ಒಂಬತ್ತು ವರ್ಷ, ಇಬ್ಬರಿಗೂ ಘಟ್ಟದಲ್ಲಿ ವಾಂತಿ. ಶಿರಾಡಿಯೋ ಚಾರ್ಮಾಡಿಯೋ? ಮಕ್ಕಳು ನೀರಿಗಿಳಿಯೋಕೆ ಸೋಮೇಶ್ವರ ಚೆನ್ನಾಗಿದೆ ಅಂತಾರೆ, ನಿಜಾನಾ? ಮಲ್ಪೆ ದ್ವೀಪವನ್ನೂ ಸೇರಿಸಬಹುದಾ?

ದೋಣಿಗಾಲ್ ತಿರುವು:
ಹೋಗುವಾಗ ಶಿರಾಡಿನೇ. ಹಾಸನದಿಂದ ಸುಮಾರು 170 ಕಿ.ಮೀ. ತಿರುವುಗಳು ಚಾರ್ಮಾಡಿಯಷ್ಟು ಬಿಗಿ ಇಲ್ಲ, ಮಕ್ಕಳಿಗೆ ಅದೇ ವಾಸಿ. ಕಾಟ ಏನಿದ್ದರೂ ಲಾರಿ, ಟ್ಯಾಂಕರ್‌ಗಳದ್ದು. ಅದಕ್ಕೇ ಬೆಳಿಗ್ಗೆ ಆರಕ್ಕೆ ಹಾಸನ ಬಿಡಿ. ಸಕಲೇಶಪುರದಲ್ಲಿ ಪೆಟ್ರೋಲ್ ತುಂಬಿಸಿ, ಮಕ್ಕಳಿಗೆ ಒಂದೆರಡು ಇಡ್ಲಿ ಸಾಕು, ಹಾಲು ಬೇಡ. ವಾಂತಿ ಮಾತ್ರೆಯನ್ನು ಡಾಕ್ಟರನ್ನು ಕೇಳಿ, ಘಟ್ಟ ಶುರುವಾಗುವ ಅರ್ಧ ಗಂಟೆ ಮೊದಲೇ ಕೊಡಬೇಕು. ವಾಂತಿ ಬಂದಮೇಲೆ ಕೊಟ್ಟರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮೊಬೈಲ್ ಕೈಗೆ ಕೊಡಬೇಡಿ. ಇಳಿಜಾರಿನಲ್ಲಿ ಎರಡು-ಮೂರನೇ ಗೇರಿನಲ್ಲೇ ಇಳಿಯಿರಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡ್ ಕಾದು ಹಿಡಿತ ಹೋಗುತ್ತದೆ.

ಕಡಲಬದಿ:
ಸೋಮೇಶ್ವರ ನೋಡೋಕೆ ಸೊಗಸು, ಆದರೆ ಮಕ್ಕಳನ್ನು ನೀರಿಗಿಳಿಸಬೇಡಿ. ಅಲ್ಲಿ ಬಂಡೆಗಳಿವೆ, ಸೆಳೆತ ಜೋರು. ಪಣಂಬೂರು ಅಥವಾ ತಣ್ಣೀರುಬಾವಿಗೆ ಹೋಗಿ. ತಣ್ಣೀರುಬಾವಿಗೆ ಸುಲ್ತಾನ್ ಬತ್ತೇರಿ ಕಡವಿನ ದೋಣಿಯಲ್ಲಿ ಕಾರು ಬರುವುದಿಲ್ಲ. ಕೂಳೂರು ಸುತ್ತಿ ಹೋಗಬೇಕು.

ಯಾವ ಬೀಚಾದರೂ ಇಳಿಯುವ ಮುಂಚೆ ಐದು ನಿಮಿಷ ನಿಂತು ಅಲೆ ನೋಡಿ. ಎರಡೂ ಪಕ್ಕ ನೊರೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಕಡುಬಣ್ಣದಲ್ಲಿ ಕಂಡರೆ ಜನ ಅದನ್ನೇ ಒಳ್ಳೆ ಜಾಗ ಅಂದುಕೊಳ್ಳುತ್ತಾರೆ. ದಡಕ್ಕೆ ಬಂದ ನೀರು ವಾಪಸ್ ಹೋಗುವ ದಾರಿ ಅದು. ಸಿಕ್ಕಿಕೊಂಡರೆ ನೇರ ದಡಕ್ಕೆ ಈಜಲು ಹೋಗಿ ಸುಸ್ತಾಗಿಯೇ ಮುಳುಗುವುದು. ದಡಕ್ಕೆ ಸಮಾನಾಂತರವಾಗಿ ಅಡ್ಡಕ್ಕೆ ಸರಿದು, ಸೆಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಬೇಕು. ಚಿಕ್ಕ ಮಗುವಿಗೆ ಮೊಣಕಾಲುದ್ದ ನೀರು ಸಾಕು, ಕೈ ಬಿಡಬೇಡಿ. ಲೈಫ್‌ಗಾರ್ಡ್ ಸೀಟಿ ಊದಿದರೆ ವಾದ ಬೇಡ.

ಇನ್ನು ಬಿಸಿಲು. ಹಾಸನದ ಚಳಿಯಿಂದ ಇಳಿದವರಿಗೆ ಡಿಸೆಂಬರಿನಲ್ಲೂ ಮಧ್ಯಾಹ್ನ ಬೆವರು ಸುರಿಯುತ್ತದೆ. ಬೀಚು ನಾಲ್ಕೂವರೆ ನಂತರ ಇಟ್ಟುಕೊಳ್ಳಿ. ಆರು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ದೇವಸ್ಥಾನಗಳ ಬಾಗಿಲು ಹಾಕಿರುತ್ತದೆ, ಹಾಗಾಗಿ ಕದ್ರಿಗೆ ಹನ್ನೆರಡರೊಳಗೆ ಮುಟ್ಟಿ. 968ರ ಶಾಸನವಿರುವ ಲೋಕೇಶ್ವರನ ಕಂಚಿನ ವಿಗ್ರಹವನ್ನು ಅಪ್ಪ-ಅಮ್ಮನಿಗೆ ತಪ್ಪದೆ ತೋರಿಸಿ. ಬೇಲೂರು ಕಟ್ಟುವುದಕ್ಕೂ ಒಂದೂವರೆ ಶತಮಾನ ಹಿಂದಿನದು. ಊಟಕ್ಕೆ ಕೂತಾಗ ಅಂಜಲ್, ಕಾಣೆ ಮೀನು ಕಾಯಿಸುವ ಮೊದಲೇ ರೇಟು ಕೇಳಿ, ಗಾತ್ರದ ಮೇಲೆ ಬಿಲ್ಲು ಏರುತ್ತದೆ.

ಬೇಲೂರು ರಸ್ತೆ:
ದ್ವೀಪದ ಬಗ್ಗೆ: ಮಂಗಳೂರಿನಿಂದ ಉಡುಪಿ ಸುಮಾರು 60 ಕಿ.ಮೀ., ಅಲ್ಲಿಂದ ಮಲ್ಪೆ ಆರು. ನೀವು ಕೇಳಿದ ದ್ವೀಪ, ಸೇಂಟ್ ಮೇರೀಸ್‌ನ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷ ಹಿಂದೆ ಲಾವಾ ಆರಿ ಸೀಳಿದ್ದರಿಂದ ಆದವು, ಒಂಬತ್ತರ ಮಗು ಮರೆಯುವುದಿಲ್ಲ. ಆದರೆ ದೋಣಿ ಹತ್ತಿ ಇಳಿಯುವುದಕ್ಕೆ ಮಂಡಿ ಬೇಕು, ಅಲ್ಲಿ ನೆಲವೂ ಏರುಪೇರು. ಹಿರಿಯರು ಅಷ್ಟು ಹೊತ್ತು ಕೃಷ್ಣಮಠದಲ್ಲಿರಲಿ. ಬೆಳಿಗ್ಗೆ ಮೊದಲ ದೋಣಿಗೇ ಹೋಗಿ. ಚಪ್ಪಲಿ ಬಿಚ್ಚಬೇಡಿ, ಚಿಪ್ಪು ಕಾಲು ಕೊಯ್ಯುತ್ತದೆ.

ವಾಪಸ್ ಬರಲು ಮಂಗಳೂರಿಗೆ ಇಳಿಯಬೇಕಿಲ್ಲ. ಕಾರ್ಕಳ, ಗುರುವಾಯನಕೆರೆ, ಉಜಿರೆ, ಚಾರ್ಮಾಡಿ, ಮೂಡಿಗೆರೆ, ಬೇಲೂರು ಹಿಡಿಯಿರಿ.

ಹೇಮಾವತಿ ತೀರ:
ವಾಪಸ್ ಚಾರ್ಮಾಡಿಯಲ್ಲಿ ಮಕ್ಕಳಿಗೆ ಮತ್ತೆ ವಾಂತಿ ಆಗಲ್ವಾ?

ಬೇಲೂರು ರಸ್ತೆ:
ಹತ್ತುವಾಗ ವೇಗ ಕಡಿಮೆ, ಓಲಾಟವೂ ಕಡಿಮೆ. ಉಜಿರೆಯಲ್ಲಿ ಮಾತ್ರೆ ಕೊಟ್ಟು ಅರ್ಧ ಗಂಟೆ ಬಿಟ್ಟು ಹೊರಡಿ. ಆದರೂ ಹೆದರಿಕೆಯಿದ್ದರೆ ಶಿರಾಡಿಯಲ್ಲೇ ಬನ್ನಿ. ಚಾರ್ಮಾಡಿಯಾದರೆ ನಾಲ್ಕು ಗಂಟೆಯೊಳಗೆ ಘಟ್ಟದ ಬುಡದಲ್ಲಿರಬೇಕು; ಮಂಜು ಕವಿದರೆ ಎದುರಿನ ಗಾಡಿ ಕಾಣುವುದಿಲ್ಲ, ಹೈಬೀಮ್ ಹಾಕಿದರೆ ಕಣ್ಣಿಗೆ ಬರೀ ಬಿಳಿ. ಲೋಬೀಮೇ ಇರಲಿ.