ಮಳೆಯಾಶ್ರಯದಲ್ಲಿ ನಾಟಿ ಹುಲ್ಲು: ಬೆಳೆದವರ ಅನುಭವ ಬೇಕು

ಪ್ರಶ್ನೆ: ಕಡೂರು ಕಡೆ 2 ಎಕರೆ ಕೆಂಪು ಮಣ್ಣಿನ ಬೀಳು ಇದೆ. ಬೋರ್‌ವೆಲ್ ಬತ್ತಿದೆ, ನೀರು ಜಾಸ್ತಿ ಕೇಳುವ ನೇಪಿಯರ್ ಹುಲ್ಲು ಬೆಳೆಯಲು ಆಗಲ್ಲ. ನಾಟಿ ಹುಲ್ಲು ಬೆಳೆದು ಬೇಸಿಗೆಗೆ ಒಣಗಿಸಿ ಇಡಬಹುದಾ? ಹಸು, ಕುರಿ ಎರಡೂ ಇವೆ.

ಹೊಸದುರ್ಗದಿಂದ: ಖಂಡಿತ ಆಗುತ್ತದೆ. ಆದರೆ ದಯವಿಟ್ಟು ಮೊದಲೇ ಉಳಬೇಡಿ. ಒಂದು ಮಳೆಗಾಲ ಬೇಲಿ ಹಾಕಿ ದನ ಬಿಡದೆ ಇಟ್ಟು ನೋಡಿ. ಬೀಳಿನಲ್ಲಿ ಒಳ್ಳೆಯ ಹುಲ್ಲಿನ ಬುಡಗಳು ಇದ್ದೇ ಇರುತ್ತವೆ, ಮೇದು ಮೇದು ಮೇಲೆ ಬರಲು ಬಿಟ್ಟಿರುವುದಿಲ್ಲ ಅಷ್ಟೇ. ನಿಮ್ಮ ಕಡೆಯ ಅಮೃತ ಮಹಲ್ ಕಾವಲುಗಳನ್ನೇ (ಆ ತಳಿಯ ದನಗಳಿಗೆ ಬಿಟ್ಟ ಹುಲ್ಲುಗಾವಲು) ನೋಡಿ, ಅಲ್ಲಿ ಯಾರೂ ಬಿತ್ತಿದ್ದಲ್ಲ. ಬೋಳಾಗಿರುವ ಕಡೆ ಮಾತ್ರ ಅಂಜನ್ ಹುಲ್ಲು ಹಾಕಿ. ನಮ್ಮ ಒಣ ನೆಲಕ್ಕೆ ನನಗೆ ಅದಕ್ಕಿಂತ ನಂಬಿಕೆಯ ಹುಲ್ಲು ಇನ್ನೊಂದಿಲ್ಲ.

ಬೀಜದ ವಿಷಯದಲ್ಲಿ ಹುಷಾರು. ಆಗ ತಾನೇ ಕಿತ್ತ ಬೀಜ ಸರಿಯಾಗಿ ಮೊಳೆಯುವುದಿಲ್ಲ, ಅದಕ್ಕೆ ಕೆಲವು ತಿಂಗಳ ನಿದ್ದೆ ಬೇಕು. ಹಿಂದಿನ ವರ್ಷದ್ದನ್ನೇ ಕೇಳಿ ತನ್ನಿ. ಎಕರೆಗೆ 2 ಕೆ.ಜಿ. ಸಾಕು. ಬೀಜ ಹತ್ತಿಯಂತೆ ಹಗುರ, ಗಾಳಿಗೆ ಹಾರುತ್ತದೆ. ಹಸಿ ಮಣ್ಣು ಬೆರೆಸಿ, ಮುಂಗಾರಿನ ಹದಕ್ಕೆ ಸಾಲಿನಲ್ಲಿ ಉದುರಿಸಿ. ಮೇಲೆ ತೆಳ್ಳಗೆ ಮಣ್ಣು ಬಿದ್ದರೆ ಸಾಕು. 1 ಸೆಂ.ಮೀ.ಗಿಂತ ಆಳ ಹೋದರೆ ಮೇಲೆ ಬರುವುದು ಕಷ್ಟ.

ಮೊದಲ ವರ್ಷ ಕಳೆಯೇ ಜಾಸ್ತಿ ಕಾಣುತ್ತದೆ. ಆ ವರ್ಷ ಹುಲ್ಲು ಬೇರಿಗೆ ದುಡಿಯುತ್ತಿರುತ್ತದೆ. ಕಳೆ ತೆಗೆಯಿರಿ, ದನ ಮಾತ್ರ ಬಿಡಬೇಡಿ. ತೆಂಡೆ (ಬುಡದಿಂದ ಬರುವ ಮರಿ) ಒಡೆದು ಬುಡ ಗಟ್ಟಿಯಾದ ಮೇಲೆ ವರ್ಷಾನುಗಟ್ಟಲೆ ಬರುತ್ತದೆ.

ರಾಣೆಬೆನ್ನೂರಿನಿಂದ: ಅಣ್ಣ ಹೇಳಿದ್ದು ಸರಿ. ಒಣಗಿಸುವ ಬಗ್ಗೆ ನಾನು ಹೇಳುತ್ತೇನೆ, ಮನೆಯಲ್ಲಿ ಆ ಕೆಲಸ ನನ್ನದೇ. ಜಾಸ್ತಿ ಹುಲ್ಲು ಸಿಗಲಿ ಅಂತ ಬೀಜ ಉದುರುವವರೆಗೂ ಕಾಯುತ್ತಾರಲ್ವಾ, ಆಮೇಲೆ ಸಿಗುವುದು ಬರೀ ಕಡ್ಡಿ. ಹೂವಿಗೆ ಬರುತ್ತಿದ್ದಂತೆ ಕೊಯ್ಯಬೇಕು. ನೆಲದಿಂದ ಅರ್ಧ ಗೇಣಿನಷ್ಟು ಮೋಟು ಬಿಡಿ, ಬೇಗ ಚಿಗುರುತ್ತದೆ.

ಮಳೆಗಾಲದ ನಡುವೆ ಬರುವ ಕೊಯ್ಲನ್ನು ಒಣಗಿಸಲು ಹೋಗಬೇಡಿ, ಹಸಿಯಾಗಿಯೇ ತಿನ್ನಿಸಿ. ಹಿಂಗಾರು ಮುಗಿಯುವಾಗ ಸಿಗುವುದನ್ನು ಬಣವೆಗೆ ಇಡಿ. ಬಿಸಿಲಿಗೆ ತೆಳ್ಳಗೆ ಹರಡಿ ಮಗುಚುತ್ತಾ ಇರಬೇಕು. ಆದರೆ ಗರಿ ಪುಡಿಯಾಗುವಷ್ಟು ಒಣಗಿಸಬೇಡಿ, ಸತ್ವ ಇರುವುದೇ ಗರಿಯಲ್ಲಿ. ದಂಟಿನ ಗಿಣ್ಣನ್ನು ಉಗುರಿನಿಂದ ಚಿವುಟಿ ನೋಡಿ. ಪಸೆ ಕಂಡರೆ ಸಿವುಡು ಕಟ್ಟಬೇಡಿ. ಹಸಿ ಇದ್ದದ್ದನ್ನು ಒಟ್ಟಿದರೆ ಬೂಷ್ಟು ಹಿಡಿಯುತ್ತದೆ, ಒಳಗೆ ಕಾವು ಏರಿ ಬೆಂಕಿ ಹೊತ್ತಿಕೊಳ್ಳುವುದೂ ಉಂಟು.

ಶಿರಾದಿಂದ: ಕುರಿ ಇವೆ ಅಂದಿರಲ್ಲ, ಅದಕ್ಕೆ ಒಂದು ಮಾತು. ಬೀಳಿನಲ್ಲಿ ಊಬು ಬರುವ ಕರಡ ಇದ್ದರೆ, ಬಟ್ಟೆಗೆ ಚುಚ್ಚಿಕೊಳ್ಳುತ್ತದಲ್ಲ ಅದೇ, ಊಬು ಬಲಿಯುವ ಮೊದಲೇ ಕೊಯ್ದುಬಿಡಿ. ಬಲಿತರೆ ಉಣ್ಣೆಯೊಳಗೆ ತೂರಿ ಚರ್ಮಕ್ಕೆ ನಾಟುತ್ತದೆ, ಬಾಯಿಗೂ ಚುಚ್ಚುತ್ತದೆ. ಎಳೆಯದರಲ್ಲಿ ಅದು ಒಳ್ಳೆಯ ಮೇವೇ.

ಬರೀ ಹುಲ್ಲು ತಿಂದರೆ ಪ್ರೋಟೀನ್ ಸಾಲದು. ಸಾಲಿನ ನಡುವೆ ಸ್ಟೈಲೋ ಎಂಬ ದ್ವಿದಳ ಮೇವು ಹಾಕಿ. ಅದು ಹೊರದೇಶದ್ದು, ಆದರೂ ನಮ್ಮ ಕೆಂಪು ಮಣ್ಣಿಗೆ ಚೆನ್ನಾಗಿ ಹೊಂದಿಕೊಂಡಿದೆ. ಬೀಜದ ಸಿಪ್ಪೆ ಗಟ್ಟಿ, ಬಿಸಿ ನೀರಿನಲ್ಲಿ ಕೆಲವು ನಿಮಿಷ ಅದ್ದಿ ತೆಗೆದು ಬಿತ್ತಬೇಕು. ಬೀಜ ಎಲ್ಲಿ ಸಿಗುತ್ತದೆ ಅಂತ ಝಾನ್ಸಿಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಧಾರವಾಡ ಕೇಂದ್ರದಲ್ಲಿ ವಿಚಾರಿಸಿ. ಬೇಸಿಗೆಯಲ್ಲೇ ಕೇಳಿಡಿ, ಮಳೆ ಬಿದ್ದ ಮೇಲೆ ಓಡಾಡಿದರೆ ಹದ ತಪ್ಪುತ್ತದೆ.